ಮುದನೂರು ಮತ್ತು ರಾಮನಾಥ ದೇವಾಲಯ: ಒಂದು ಗ್ರಾಮೇತಿಹಾಸದ ಆಧಾರಗಳು

ಗ್ರಾಮವೊಂದರ ಇತಿಹಾಸವನ್ನು ಬರೆಯಲು ಹೊರಟವರಿಗೆ ಮೊದಲು ಎದುರಾಗುವುದು ಆಧಾರಗಳ ಪ್ರಶ್ನೆ. ಅರಸುಮನೆತನಗಳ ಇತಿಹಾಸಕ್ಕೆ ಶಾಸನಗಳಿವೆ, ನಾಣ್ಯಗಳಿವೆ, ಆಸ್ಥಾನಕವಿಗಳ ಕಾವ್ಯಗಳಿವೆ. ಗ್ರಾಮಕ್ಕೆ ಏನಿದೆ? ಈ ವಿಷಯದಲ್ಲಿ ಇಂಗ್ಲೆಂಡಿನ ಗ್ರಾಮೇತಿಹಾಸಕಾರರು ನಮಗಿಂತ ಭಾಗ್ಯವಂತರು. ೧೦೮೬ರ ಡೂಮ್ಸ್‌ಡೇ ಗ್ರಂಥದಲ್ಲಿ ಅಲ್ಲಿನ ಬಹುಸಂಖ್ಯೆಯ ಹಳ್ಳಿಗಳ ನೇಗಿಲುಗಳೂ ಗಿರಣಿಗಳೂ ಹುಲ್ಲುಗಾವಲುಗಳೂ ಲೆಕ್ಕಕ್ಕೆ ಬಂದಿವೆ. ೧೫೩೮ರಲ್ಲಿ ಎಂಟನೆಯ ಹೆನ್ರಿಯ ಮಂತ್ರಿಯಾದ ಥಾಮಸ್ ಕ್ರಾಮ್‌ವೆಲ್ಲನು ಹೊರಡಿಸಿದ ಆಜ್ಞೆಯಂತೆ ಪ್ರತಿಯೊಂದು ಊರಿನ ಚರ್ಚಿನಲ್ಲಿಯೂ ಜ್ಞಾನಸ್ನಾನ, ವಿವಾಹ, ಶವಸಂಸ್ಕಾರಗಳನ್ನು ದಾಖಲು ಮಾಡುವ ಪದ್ಧತಿ ಪ್ರಾರಂಭವಾಯಿತು. ಹೀಗಾಗಿ ಆ ದೇಶದಲ್ಲಿ ನಾಲ್ಕು ಶತಮಾನಗಳ ಹಿಂದಿನ ಒಬ್ಬ ನೇಕಾರನು ಯಾವಾಗ ಹುಟ್ಟಿದನು, ಯಾರನ್ನು ಮದುವೆಯಾದನು, ಯಾವ ದಿನ ಮಣ್ಣಾದನು ಎಂಬುದನ್ನು ಅನೇಕ ಊರುಗಳಲ್ಲಿ ಚರ್ಚಿನ ಪುಸ್ತಕದಿಂದಲೇ ತಿಳಿಯಬಹುದಾಗಿದೆ.

ನಮ್ಮ ಹಳ್ಳಿಗಳಲ್ಲಿ ಇಂತಹ ದಾಖಲೆಯ ಪುಸ್ತಕಗಳಿರಲಿಲ್ಲ. ಆದರೆ ಊರಿನ ನಡುವೆ ದೇವಾಲಯವಿತ್ತು. ಅದರ ಗೋಡೆಯ ಮೇಲೆ, ಅಂಗಳದ ಕಲ್ಲಿನ ಮೇಲೆ, ಊರಿನವರು ಕೂಡಿ ಮಾಡಿದ ನಿರ್ಣಯಗಳೂ ಕೊಟ್ಟ ದತ್ತಿಗಳೂ ಕೆತ್ತಲ್ಪಟ್ಟವು. ಚರ್ಚಿನ ಪುಸ್ತಕಕ್ಕೂ ಈ ಕಲ್ಲಿನ ಬರಹಕ್ಕೂ ಇರುವ ಅಂತರವು ದೊಡ್ಡದು. ಅದು ಹುಟ್ಟಿದವರನ್ನೆಲ್ಲ ಬರೆದುಕೊಂಡಿತು; ಇದು ಕೊಟ್ಟವರನ್ನು ಮಾತ್ರ ಬರೆದುಕೊಂಡಿತು. ಕೊಡುವುದಕ್ಕೆ ಏನೂ ಇಲ್ಲದವನು, ದುಡಿದು ಉಂಡವನು, ನಮ್ಮ ಗ್ರಾಮೇತಿಹಾಸದಲ್ಲಿ ಎಲ್ಲಿ ಕಾಣಿಸಿಕೊಳ್ಳುತ್ತಾನೆ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಯಾದಗಿರಿ ಜಿಲ್ಲೆಯ ಮುದನೂರನ್ನೂ ಅಲ್ಲಿನ ರಾಮನಾಥ ದೇವಾಲಯವನ್ನೂ ಕುರಿತು ಕೆಲವು ವಿಚಾರಗಳನ್ನು ಇಲ್ಲಿ ಮಂಡಿಸಲು ಯತ್ನಿಸುತ್ತೇವೆ.

೧. ಊರು ಮತ್ತು ನೆಲ

ಮೊದಲು ಹೆಸರಿನ ಗೊಂದಲವೊಂದನ್ನು ನಿವಾರಿಸಿಕೊಳ್ಳಬೇಕು. ಯಾದಗಿರಿ ಪಟ್ಟಣದ ಮಗ್ಗುಲಲ್ಲಿರುವ ಮುದನಾಳವೂ ಪಶ್ಚಿಮಕ್ಕೆ ಸುರಪುರದ ಸೀಮೆಯಲ್ಲಿರುವ ಮುದನೂರೂ ಬೇರೆ ಬೇರೆ ಊರುಗಳು. ಹೆಸರಿನ ಪೂರ್ವಪದವು ಎರಡರಲ್ಲಿಯೂ ಒಂದೇ ಆಗಿ ಕೇಳಿಸುವುದರಿಂದ ಹೊರಗಿನವರು ಒಂದರ ವಿಷಯವನ್ನು ಇನ್ನೊಂದಕ್ಕೆ ಹಚ್ಚುವ ಸಂಭವವುಂಟು. ವಚನಕಾರ ದಾಸಿಮಯ್ಯನ ಹೆಸರಿನೊಡನೆ ಪರಂಪರೆಯು ಸೇರಿಸಿಕೊಂಡು ಬಂದಿರುವುದು ಸುರಪುರ ಸೀಮೆಯ ಮುದನೂರನ್ನು. ನಮ್ಮ ವಿಚಾರವು ಅದನ್ನು ಕುರಿತದ್ದು.

ಭೀಮಾ ಮತ್ತು ಕೃಷ್ಣಾ ನದಿಗಳ ನಡುವಣ ಈ ಪ್ರದೇಶವನ್ನು ಪ್ರಾಗಿತಿಹಾಸಜ್ಞರು ಸುರಪುರದ ದೋಆಬ್ ಎಂದು ಕರೆದಿದ್ದಾರೆ. ಕಪ್ಪು ಎರೆಭೂಮಿ, ಸುತ್ತ ಗುಡ್ಡಗಳ ಸಾಲು, ಅಲ್ಲಲ್ಲಿ ಸುಣ್ಣಕಲ್ಲಿನ ಹಾಸು, ನಡುನಡುವೆ ಬೇಸಿಗೆಯಲ್ಲಿಯೂ ಬತ್ತದ ಒರತೆಗಳು: ಇವು ಇಲ್ಲಿನ ನೆಲದ ಲಕ್ಷಣಗಳು. ಈ ಒರತೆಗಳೇ ಇಲ್ಲಿ ಮನುಷ್ಯನನ್ನು ಅತಿ ಪ್ರಾಚೀನ ಕಾಲದಿಂದಲೂ ಹಿಡಿದು ನಿಲ್ಲಿಸಿದುವು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ಹಲವು ದಶಕಗಳ ಕಾಲ ನಡೆಸಿದ ಶೋಧನೆಗಳಿಂದ ಹಳೆಯ ಶಿಲಾಯುಗದ ನೂರಾರು ನೆಲೆಗಳು ಬೆಳಕಿಗೆ ಬಂದಿವೆ. ಆ ನೆಲೆಗಳ ಪಟ್ಟಿಯಲ್ಲಿ ಮುದನೂರಿನ ಹೆಸರೂ ಇದೆ. ಸಮೀಪದ ಇಸಾಂಪುರದಲ್ಲಿ ಸುಣ್ಣಕಲ್ಲನ್ನು ಒಡೆದು ಕೈಗೊಡಲಿಗಳನ್ನು ಮಾಡುತ್ತಿದ್ದ ಒಂದು ಕಾರ್ಯಸ್ಥಾನವೇ ದೊರೆಯಿತು. ಅದರ ಕಾಲವನ್ನು ಇಂದಿಗೆ ಸುಮಾರು ಹನ್ನೆರಡು ಲಕ್ಷ ವರ್ಷಗಳ ಹಿಂದಕ್ಕೆ ನಿರ್ಣಯಿಸಲಾಗಿದೆ. ಬೂದಿಹಾಳದ ಬೂದಿದಿಬ್ಬವು ನವಶಿಲಾಯುಗದ ಪಶುಪಾಲಕರ ನೆಲೆಯೆಂದು ಉತ್ಖನನದಿಂದ ಸಿದ್ಧವಾಯಿತು. ರಾಜನಕೊಳ್ಳೂರಿನ ಕಲ್ಲುಮನೆಗಳನ್ನೂ ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ಇಟ್ಟ ಗುಂಡುಗಳನ್ನೂ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಮೆಡೋಸ್ ಟೇಲರನು ವಿದ್ವಾಂಸರ ಗಮನಕ್ಕೆ ತಂದಿದ್ದನು.

ಇವನ್ನು ಇಲ್ಲಿ ಹೇಳುವುದು ಊರಿನ ಪ್ರಾಚೀನತೆಯನ್ನು ಕೊಂಡಾಡುವುದಕ್ಕಲ್ಲ. ಹನ್ನೆರಡು ಲಕ್ಷ ವರ್ಷಗಳ ಹಿಂದಿನ ಬೇಟೆಗಾರನಿಗೂ ಹನ್ನೆರಡನೆಯ ಶತಮಾನದ ಒಕ್ಕಲಿಗನಿಗೂ ಯಾವ ವಂಶಸಂಬಂಧವನ್ನೂ ಕಲ್ಪಿಸಲಾಗದು. ಆದರೆ ಇಬ್ಬರನ್ನೂ ಇಲ್ಲಿಗೆ ಕರೆದುದು ನೀರು. ಮಳೆಯನ್ನು ನಂಬಲಾರದ ಸೀಮೆಯಲ್ಲಿ ನೀರಿನ ಸೆಲೆಯಿದ್ದೆಡೆ ಊರು ನಿಂತಿತು. ಊರು ನಿಂತೆಡೆ ದೇವರು ನೆಲೆಗೊಂಡನು. ನಮ್ಮ ದೇವಾಲಯಗಳಿಗೂ ತೀರ್ಥಗಳಿಗೂ ಇರುವ ನಂಟನ್ನು ಪುರಾಣದ ದೃಷ್ಟಿಯಿಂದಲ್ಲದೆ ಭೂಗೋಲದ ದೃಷ್ಟಿಯಿಂದಲೂ ನೋಡಬೇಕಾದುದು ಅವಶ್ಯ.

೨. ದೇವಾಲಯವೆಂಬ ಸಂಸ್ಥೆ

ಕ್ರಿ.ಶ. ೯೭೩ರಲ್ಲಿ ಎರಡನೆಯ ತೈಲನು ರಾಷ್ಟ್ರಕೂಟರ ಆಳಿಕೆಯನ್ನು ಕೊನೆಗಾಣಿಸಿ ಚಾಲುಕ್ಯ ರಾಜ್ಯವನ್ನು ಮತ್ತೆ ಸ್ಥಾಪಿಸಿದನು. ಮುಂದಿನ ಎರಡು ಶತಮಾನಗಳು ಈ ಭಾಗದ ಗ್ರಾಮಜೀವನದಲ್ಲಿ ಬಹು ಸಮೃದ್ಧವಾದ ಕಾಲವೆಂದು ಹೇಳಬಹುದು. ಸಗರನಾಡು ಎಂದು ಹೆಸರಾದ ಈ ಸೀಮೆಯು ಕಲ್ಯಾಣದ ಅರಸರ ನೇರವಾದ ಆಳಿಕೆಗೆ ಒಳಪಟ್ಟಿದ್ದಿತು. ಕೆಂಭಾವಿ, ಸಗರ, ಶಿರವಾಳ, ಮುದನೂರು ಮೊದಲಾದ ಊರುಗಳಲ್ಲಿ ದೇವಾಲಯಗಳು ಗುಂಪುಗುಂಪಾಗಿ ಎದ್ದುವು. ಎ. ಕೆ. ರಾಮಾನುಜನ್ನರು ೧೯೭೩ರಲ್ಲಿ ಪ್ರಕಟಿಸಿದ ತಮ್ಮ ಇಂಗ್ಲಿಷ್ ವಚನಾನುವಾದ ಗ್ರಂಥದಲ್ಲಿ ಮುದನೂರನ್ನು ದೇವಾಲಯಗಳಿಂದ ತುಂಬಿದ ಊರೆಂದೇ ಪರಿಚಯಿಸಿದ್ದಾರೆ. ಅವುಗಳಲ್ಲೊಂದು ರಾಮನಾಥನ ಗುಡಿ. ರಾಮನು ಪೂಜಿಸಿದ ಶಿವನೇ ರಾಮನಾಥನು. ರಾಮನಿಗೂ ಒಡೆಯನಾದವನು ಎಂಬುದು ಆ ಹೆಸರಿನ ಇಂಗಿತ.

ಆ ಕಾಲದ ದೇವಾಲಯವು ಪೂಜೆಯ ಸ್ಥಳ ಮಾತ್ರವಾಗಿರಲಿಲ್ಲ. ಚಾಲುಕ್ಯರ ಕಾಲದ ದಾನಶಾಸನಗಳನ್ನು ಓದಿದವರಿಗೆ ಅದರ ವ್ಯಾಪ್ತಿಯು ತಿಳಿದೇ ಇದೆ. ದೇವರ ಅಂಗಭೋಗ ರಂಗಭೋಗಗಳಿಗೆ, ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ, ತಪೋಧನರ ಆಹಾರದಾನಕ್ಕೆ, ಮಾಣಿಗಳ ವಿದ್ಯಾದಾನಕ್ಕೆ ಇಷ್ಟಿಷ್ಟು ಮತ್ತರು ಭೂಮಿ, ಇಂತಿಷ್ಟು ಗಾಣ, ಒಂದು ಹೂದೋಟ ಎಂದು ಬಿಡುವ ಕ್ರಮವು ಸಾಮಾನ್ಯವಾಗಿದ್ದಿತು. ಭೂಮಿಯನ್ನು ಕೊಟ್ಟವನು ಮಂಡಲೇಶ್ವರನೋ ದಂಡನಾಯಕನೋ ಆಗಿದ್ದರೂ ಅದರ ಎಲ್ಲೆಯನ್ನು ಗುರುತಿಸಿದವರು ಊರಿನವರು. ಶಾಸನದ ಕೊನೆಯ ಭಾಗದಲ್ಲಿ ಬರುವ ಹಳ್ಳ, ಹುಣಿಸೆಯ ಮರ, ನಟ್ಟ ಕಲ್ಲು, ದಾರಿ, ಕೆರೆಯ ಕೋಡಿ ಇವೆಲ್ಲ ರಾಜನಿಗೆ ತಿಳಿದಿದ್ದ ಸಂಗತಿಗಳಲ್ಲ. ಪ್ರಶಸ್ತಿಯ ಭಾಗವನ್ನು ಪಂಡಿತನು ರಚಿಸಿದನು. ಎಲ್ಲೆಯ ಭಾಗವನ್ನು ಒಕ್ಕಲಿಗನು ಹೇಳಿ ಬರೆಯಿಸಿದನು. ನಮ್ಮ ಸಂಶೋಧನೆಯು ಬಹುಕಾಲದವರೆಗೆ ಪ್ರಶಸ್ತಿಯ ಭಾಗವನ್ನೇ ಇತಿಹಾಸವೆಂದು ಹಿಡಿದು ಎಲ್ಲೆಯ ಭಾಗವನ್ನು ವಿವರಣೆಯಿಲ್ಲದೆ ಬಿಟ್ಟುಬಿಟ್ಟಿತು. ಗ್ರಾಮೇತಿಹಾಸಕ್ಕೆ ಈ ಕ್ರಮವು ತಲೆಕೆಳಗಾಗಬೇಕು.

ಅದೇ ಶಾಸನಗಳಲ್ಲಿ ಕಾಣುವ ತೆರಿಗೆಗಳ ಪಟ್ಟಿಯಲ್ಲಿ ಮಗ್ಗದೆರೆಯೂ ಒಂದು. ನೇಕಾರನ ಮನೆಯಲ್ಲಿ ಎಷ್ಟು ಮಗ್ಗಗಳಿದ್ದುವೋ ಅಷ್ಟಕ್ಕೆ ತೆರಿಗೆ ಬೀಳುತ್ತಿತ್ತು. ಅನೇಕ ವೇಳೆ ಆ ತೆರಿಗೆಯ ಹುಟ್ಟುವಳಿಯನ್ನೇ ದೇವರ ನಂದಾದೀವಿಗೆಗೆ ಬಿಟ್ಟುಕೊಡುತ್ತಿದ್ದರು. ಎಂದರೆ ಗರ್ಭಗುಡಿಯ ದೀಪವು ಉರಿದುದು ನೇಕಾರನ ದುಡಿಮೆಯಿಂದ. ಕಲ್ಲಿನ ಮೇಲೆ ನಿಂತುದು ತೆರಿಗೆಯನ್ನು ಬಿಟ್ಟುಕೊಟ್ಟ ಅಧಿಕಾರಿಯ ಹೆಸರು. ಚರ್ಚಿನ ಪುಸ್ತಕಕ್ಕೂ ನಮ್ಮ ಕಲ್ಬರಹಕ್ಕೂ ಇರುವುದೆಂದು ನಾವು ಮೇಲೆ ಹೇಳಿದ ಅಂತರವು ಇಲ್ಲಿ ಸ್ಪಷ್ಟವಾಗುತ್ತದೆ. ಮುದನೂರಿನ ವಿಶೇಷವೇನೆಂದರೆ, ಶಾಸನದ ಪದ್ಧತಿಯಲ್ಲಿ ಮಗ್ಗದೆರೆಯ ಒಂದು ಅಂಕಿಯಾಗಿ ಮಾತ್ರ ಉಳಿಯಬೇಕಾಗಿದ್ದ ನೇಕಾರನು ತನ್ನ ಮಾತಿನಿಂದಲೇ ಉಳಿದು ಬಂದಿದ್ದಾನೆ.

೩. ಅಂಕಿತದ ಸಾಕ್ಷ್ಯ

ದಾಸಿಮಯ್ಯನ ಹೆಸರಿನಲ್ಲಿ ನೂರೈವತ್ತಕ್ಕೂ ಮಿಕ್ಕಿ ವಚನಗಳು ದೊರೆತಿವೆ. ಅವುಗಳ ಅಂಕಿತ ರಾಮನಾಥ. ವಚನಕಾರರಲ್ಲಿ ಅವನು ಅತ್ಯಂತ ಪ್ರಾಚೀನರ ಸಾಲಿಗೆ ಸೇರಿದವನೆಂಬುದರಲ್ಲಿ ವಿದ್ವಾಂಸರಿಗೆ ಸಂದೇಹವಿಲ್ಲ. ಬಸವಣ್ಣನ ವಚನಗಳಲ್ಲಿಯೇ ದಾಸಯ್ಯನ ತವನಿಧಿಯ ಪ್ರಸಂಗದ ಸ್ಮರಣೆಯಿದೆ. ಕಲ್ಯಾಣದ ಕ್ರಾಂತಿಯು ೧೧೬೭–೬೮ರ ಸುಮಾರಿಗೆ ನಡೆದುದೆಂದು ಎಣಿಸುವುದರಿಂದ, ಅದಕ್ಕೂ ಮೊದಲೇ ದಾಸಿಮಯ್ಯನ ಕಥೆಯು ಜನರಲ್ಲಿ ಹಬ್ಬಿದ್ದಿತೆಂದಾಯಿತು. ೧೧೪೮ರ ಗೊಬ್ಬೂರ ಶಾಸನದಲ್ಲಿ ಜೇಡರ ದಾಸಿಮಯ್ಯನನ್ನು ಅವನ ಪತ್ನಿ ದುಗ್ಗಳೆಯ ಹೆಸರಿನೊಡನೆ ಸ್ಮರಿಸಿರುವುದು ಈ ಅಭಿಪ್ರಾಯಕ್ಕೆ ಗಟ್ಟಿಯಾದ ಆಧಾರ. ಗಂಡನನ್ನು ಹೆಂಡತಿಯ ಹೆಸರಿನಿಂದ ಗುರುತಿಸುವ ಈ ಪರಿಯು ಶಾಸನಗಳಲ್ಲಿ ಅಪರೂಪವಾದುದು.

ಅಂಕಿತವೊಂದರಿಂದಲೇ ಊರನ್ನು ನಿರ್ಣಯಿಸಬಹುದೇ? ರಾಮನು ಪ್ರತಿಷ್ಠಿಸಿದನೆಂದು ಹೇಳುವ ಲಿಂಗಗಳು ನಾಡಿನ ಉದ್ದಗಲಕ್ಕೂ ಇವೆ. ರಾಮೇಶ್ವರ, ರಾಮನಾಥ, ರಾಮಲಿಂಗ ಎಂಬ ಹೆಸರಿನ ಗುಡಿಗಳಿಲ್ಲದ ಸೀಮೆಯೇ ಇಲ್ಲವೆನ್ನಬಹುದು. ಆದುದರಿಂದ ಅಂಕಿತವನ್ನು ಸ್ವತಂತ್ರ ಪ್ರಮಾಣವಾಗಿ ಸ್ವೀಕರಿಸಲಾಗದು. ಆದರೆ ಅದರೊಡನೆ ಇನ್ನೆರಡು ಸಂಗತಿಗಳನ್ನು ಸೇರಿಸಿ ನೋಡಬೇಕು. ವೀರಶೈವ ಪುರಾಣಪರಂಪರೆಯು ದಾಸಿಮಯ್ಯನನ್ನು ಮುದನೂರಿನವನೆಂದೇ ಹೇಳುತ್ತ ಬಂದಿದೆ. ಆ ಮುದನೂರಿನಲ್ಲಿ ರಾಮನಾಥನ ಗುಡಿಯೂ ಇದೆ. ಅಂಕಿತ, ಪರಂಪರೆ, ಗುಡಿ ಈ ಮೂರೂ ಒಂದೆಡೆ ಕೂಡುವ ಊರು ಇದೊಂದೇ.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಶರಣನ ಖ್ಯಾತಿಯು ಹೆಚ್ಚಿದ ಮೇಲೆ ಊರಿನ ಯಾವುದೋ ಶಿವಾಲಯಕ್ಕೆ ಅವನ ಅಂಕಿತದ ಹೆಸರನ್ನು ಇಟ್ಟಿರಬಾರದೇಕೆ? ಸ್ಥಳಪುರಾಣಗಳು ಹಾಗೆ ಬೆಳೆದ ನಿದರ್ಶನಗಳು ಇಲ್ಲದಿಲ್ಲ. ಆದರೆ ವಚನಕಾರರ ಸಾಮಾನ್ಯವಾದ ರೂಢಿಯು ಇದಕ್ಕೆ ವಿರುದ್ಧವಾಗಿದೆ. ಬಸವಣ್ಣನು ತಾನು ಬೆಳೆದ ಕೂಡಲಸಂಗಮದ ದೇವರನ್ನು ಅಂಕಿತವಾಗಿ ತಂದನು. ಅಕ್ಕಮಹಾದೇವಿಯ ಚೆನ್ನಮಲ್ಲಿಕಾರ್ಜುನನು ಶ್ರೀಶೈಲದ ದೇವರು. ಶಂಕರ ದಾಸಿಮಯ್ಯನ ಅಂಕಿತದಲ್ಲಿ ನವಿಲೆಯ ಶಂಕರನಿದ್ದಾನೆ. ಸ್ಥಳದ ದೇವರು ಮೊದಲು, ಅಂಕಿತ ಆಮೇಲೆ. ಮುದನೂರಿನ ಸಂದರ್ಭದಲ್ಲಿಯೂ ಇದೇ ಕ್ರಮವನ್ನು ಊಹಿಸುವುದು ಯುಕ್ತ. ಹಾಗಾದರೆ ಹನ್ನೆರಡನೆಯ ಶತಮಾನದ ಪೂರ್ವಾರ್ಧದ ಹೊತ್ತಿಗೆ ರಾಮನಾಥನು ಮುದನೂರಿನಲ್ಲಿ ಆ ಹೆಸರಿನಿಂದಲೇ ನೆಲೆಸಿದ್ದನೆಂದು ಹೇಳಲು ಅವಕಾಶವಾಗುತ್ತದೆ. ದೇವಾಲಯದ ಕಾಲವನ್ನು ಕಂಬಗಳ ಶೈಲಿಯಿಂದಲೇ ನಿರ್ಣಯಿಸುವುದು ನಮ್ಮ ಅಭ್ಯಾಸ. ಇಲ್ಲಿ ವಚನಗಳ ಅಂಕಿತವು ದೇವಾಲಯದ ಕಾಲಕ್ಕೆ ಕೆಳಗಿನ ಎಲ್ಲೆಯನ್ನು ಒದಗಿಸುತ್ತಿದೆ.

ದುಗ್ಗಳೆಯ ಹೆಸರಿನಲ್ಲಿಯೂ ಎರಡು ವಚನಗಳು ಉಳಿದಿವೆ. ಆಕೆಯ ಅಂಕಿತ ‘ದಾಸಯ್ಯಪ್ರಿಯ ರಾಮನಾಥ’. ಒಂದೇ ಮನೆಯ ಇಬ್ಬರ ಅಂಕಿತಗಳೂ ಊರಿನ ಒಂದೇ ದೇವರಲ್ಲಿ ಕೂಡಿರುವುದು ಗಮನಾರ್ಹ. ಚರ್ಚಿನ ಪುಸ್ತಕದಲ್ಲಿ ಗಂಡಹೆಂಡಿರ ಹೆಸರುಗಳು ಒಂದೇ ಪಂಕ್ತಿಯಲ್ಲಿ ಬರುವಂತೆ ಇವರಿಬ್ಬರೂ ರಾಮನಾಥನ ಹೆಸರಿನಲ್ಲಿ ಜೊತೆಯಾಗಿ ನಿಂತಿದ್ದಾರೆ.

೪. ದೇವರ ದಾಸಿಮಯ್ಯನೋ ಜೇಡರ ದಾಸಿಮಯ್ಯನೋ

ಮುದನೂರಿನ ಇತಿಹಾಸದಲ್ಲಿ ಬಹಳ ಚರ್ಚೆಗೆ ಒಳಗಾದ ವಿಷಯವಿದು. ಪರಂಪರೆಯಲ್ಲಿ ದೇವರ ದಾಸಿಮಯ್ಯ, ಜೇಡರ ದಾಸಿಮಯ್ಯ ಎಂಬ ಎರಡು ಹೆಸರುಗಳೂ ಬಳಕೆಯಲ್ಲಿವೆ. ಚಾಲುಕ್ಯ ಚಕ್ರವರ್ತಿಯಾದ ಎರಡನೆಯ ಜಯಸಿಂಹನ (ಸು. ೧೦೧೫–೧೦೪೨) ರಾಣಿ ಸುಗ್ಗಲದೇವಿಗೆ ದೇವರ ದಾಸಿಮಯ್ಯನು ಗುರುವಾಗಿದ್ದನೆಂದೂ, ಪೊಟ್ಟಳಕೆರೆಯ ಆಸ್ಥಾನದಲ್ಲಿ ಜೈನವಾದಿಗಳನ್ನು ಗೆದ್ದು ಅರಸನನ್ನು ಶೈವನನ್ನಾಗಿ ಮಾಡಿದನೆಂದೂ ಪುರಾಣಗಳು ಹೇಳುತ್ತವೆ. ಸುಗ್ಗಲದೇವಿಯು ಜಯಸಿಂಹನ ರಾಣಿಯಾಗಿದ್ದುದಕ್ಕೆ ಶಾಸನಗಳ ಬೆಂಬಲವಿದೆ. ಪೊಟ್ಟಳಕೆರೆಯು (ಇಂದಿನ ಪಟಾನ್‌ಚೆರು) ಅವನ ನೆಲೆವೀಡಾಗಿದ್ದುದೂ ಐತಿಹಾಸಿಕ ಸತ್ಯವೇ.

ಹೀಗಿರಲಾಗಿ, ಗೊಬ್ಬೂರ ಶಾಸನದ ಜೇಡರ ದಾಸಿಮಯ್ಯನೂ ಜಯಸಿಂಹನ ಕಾಲದ ದೇವರ ದಾಸಿಮಯ್ಯನೂ ಒಬ್ಬನೇ ಎಂದು ಕೆಲವರೂ, ಇಬ್ಬರೂ ಬೇರೆ ಬೇರೆ, ವಚನಗಳನ್ನು ರಚಿಸಿದವನು ಜೇಡರ ದಾಸಿಮಯ್ಯನು ಎಂದು ಮತ್ತೆ ಕೆಲವರೂ ವಾದಿಸಿದ್ದಾರೆ. ಈ ವಾದವು ಪಂಡಿತರ ನಡುವೆ ಮಾತ್ರ ಉಳಿಯಲಿಲ್ಲ. ದೇವಾಂಗ ಸಮಾಜದವರು ತಮ್ಮ ಮೂಲಪುರುಷನಾದ ದೇವಲ ಮಹರ್ಷಿಯ ಅವತಾರಗಳಲ್ಲಿ ದಾಸಿಮಯ್ಯನನ್ನು ಎಣಿಸುತ್ತಾರೆ. ಕರ್ನಾಟಕ ಸರಕಾರವು ದೇವರ ದಾಸಿಮಯ್ಯ ಎಂಬ ಹೆಸರಿನಿಂದ ಜಯಂತಿಯನ್ನು ಆಚರಿಸುತ್ತಿದೆ. ಒಂದು ಜನಾಂಗದ ಭಕ್ತಿಯೂ ಅಭಿಮಾನವೂ ಈ ಹೆಸರಿಗೆ ಸೇರಿಕೊಂಡಿರುವುದರಿಂದ ಸಂಶೋಧಕನು ಎಚ್ಚರದಿಂದ ಮಾತನಾಡಬೇಕಾಗುತ್ತದೆ. ಆದರೆ ಮೌನವಾಗಿರಬೇಕಾದ ಕಾರಣವಿಲ್ಲ.

ನಮ್ಮ ಅಭಿಪ್ರಾಯವನ್ನು ಸಂಗ್ರಹವಾಗಿ ಹೇಳುವುದಾದರೆ, ಗ್ರಾಮೇತಿಹಾಸದ ದೃಷ್ಟಿಯಿಂದ ವಚನಗಳ ಕರ್ತೃವನ್ನು ರಾಜಗುರುವಿನಿಂದ ಬೇರ್ಪಡಿಸಿ ನೋಡುವುದೇ ಹೆಚ್ಚು ಸಮಂಜಸ. ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ಕಾಲ. ಜಯಸಿಂಹನ ಮರಣಕ್ಕೂ ಗೊಬ್ಬೂರ ಶಾಸನಕ್ಕೂ ನಡುವೆ ನೂರು ವರ್ಷಗಳಿಗೆ ಮೀರಿದ ಅಂತರವಿದೆ. ಶಾಸನವು ಪೂರ್ವಕಾಲದ ಶರಣನನ್ನು ಸ್ಮರಿಸಿದೆಯೆಂದು ಹೇಳಿ ಈ ಅಂತರವನ್ನು ತುಂಬಬಹುದಾದರೂ, ಬಸವಾದಿಗಳ ವಚನಗಳಲ್ಲಿ ದಾಸಯ್ಯನು ಕಾಣಿಸಿಕೊಳ್ಳುವ ರೀತಿಯು ಶತಮಾನದಾಚೆಯ ಪುರಾತನನದಾಗಿರದೆ ಹತ್ತಿರದ ಹಿರಿಯನೊಬ್ಬನದಾಗಿ ತೋರುತ್ತದೆ. ಎರಡನೆಯದು ವಚನಗಳ ಆಂತರಿಕ ಸಾಕ್ಷ್ಯ. ಆನೆಯನ್ನು ಕೊಟ್ಟರೂ ಸಂಪತ್ತನ್ನು ಕೊಟ್ಟರೂ ವಿಸ್ತಾರವಾದ ರಾಜ್ಯವನ್ನು ಕೊಟ್ಟರೂ ಬೇಡ, ಶರಣರ ಮಾತನ್ನು ಅರೆಗಳಿಗೆ ಕೇಳುವುದು ಸಾಕು ಎಂಬ ಭಾವದ ವಚನವು ಇವನದು. ನೂರೈವತ್ತಕ್ಕೂ ಮಿಕ್ಕ ವಚನಗಳನ್ನು ತಿರುವಿ ನೋಡಿದರೆ ಅಲ್ಲಿ ಎದ್ದು ಕಾಣುವುದು ನೆಲ, ಬೆಳೆ, ಗಾಳಿ, ಹಸಿವು, ಮನೆ, ಸತಿಪತಿಯರ ಬಾಳು. ಆಸ್ಥಾನದ ವಾದವಿವಾದಗಳ ಗಾಳಿಯು ಅಲ್ಲಿ ಸುಳಿಯುವುದಿಲ್ಲ.

ಈ ನಿರ್ಣಯದಿಂದ ಮುದನೂರು ಒಬ್ಬ ರಾಜಗುರುವನ್ನು ಕಳೆದುಕೊಂಡೀತೆಂದು ಕೆಲವರಿಗೆ ಅನ್ನಿಸಬಹುದು. ಆದರೆ ರಾಜಗುರುಗಳು ನಮ್ಮ ಇತಿಹಾಸದಲ್ಲಿ ಅನೇಕರಿದ್ದಾರೆ. ತನ್ನ ಕಸುಬಿನ ಹೆಸರನ್ನೇ ತನ್ನ ಹೆಸರಿನ ಮುಂದೆ ಇಟ್ಟುಕೊಂಡು, ತನ್ನ ಊರ ದೇವರನ್ನು ನಿಲ್ಲಿಸಿ ಪ್ರಶ್ನಿಸಿದ ಹನ್ನೆರಡನೆಯ ಶತಮಾನದ ನೇಕಾರರು ಎಷ್ಟು ಮಂದಿ? ‘ಜೇಡ’ ಎಂದರೆ ನೆಯ್ಯುವವನು. ಬಲೆ ನೆಯ್ಯುವ ಹುಳುವಿಗೆ ಆ ಹೆಸರು ಬಂದುದೂ ಅದೇ ಕೆಲಸದಿಂದ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ ಮೊದಲಾದವರು ಕಸುಬನ್ನು ಬಿರುದಿನಂತೆ ಧರಿಸಿ ಕಲ್ಯಾಣದ ಸುತ್ತ ಕೂಡಿದ ಕಾಲಕ್ಕೆ ಮೊದಲೇ ಆ ದಾರಿಯನ್ನು ತುಳಿದವನು ಮುದನೂರಿನ ಜೇಡರ ದಾಸಿಮಯ್ಯನು. ಊರಿಗೆ ಇದಕ್ಕಿಂತ ದೊಡ್ಡ ಹೆಮ್ಮೆ ಬೇಕಾಗಿಲ್ಲ.

೫. ಕಥೆಗಳಲ್ಲಿ ಅಡಗಿದ ಊರು

ಹದಿಮೂರನೆಯ ಶತಮಾನದ ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣವೂ ೧೩೬೯ರಲ್ಲಿ ಭೀಮಕವಿಯು ರಚಿಸಿದ ಕನ್ನಡ ಬಸವಪುರಾಣವೂ ದಾಸಿಮಯ್ಯನ ಕಥೆಯನ್ನು ಹೇಳಿವೆ. ಕಥೆಯು ಪ್ರಸಿದ್ಧವಾದುದು. ದಾಸಿಮಯ್ಯನು ಬಹುದಿನ ಶ್ರಮಿಸಿ ಒಂದು ಉತ್ತಮವಾದ ವಸ್ತ್ರವನ್ನು ನೆಯ್ದು ಸಂತೆಗೆ ಒಯ್ದನು. ಅದಕ್ಕೆ ಬೆಲೆ ಕಟ್ಟುವ ಧೈರ್ಯ ಯಾರಿಗೂ ಬರಲಿಲ್ಲ. ಮಾರದೆ ಹಿಂದಿರುಗುವಾಗ ಮುದಿ ಜಂಗಮನೊಬ್ಬನು ಎದುರಾಗಿ ಬೇಡಿದನು. ದಾಸಿಮಯ್ಯನು ಕೊಟ್ಟುಬಿಟ್ಟನು. ಜಂಗಮನು ಅವನ ಕಣ್ಣೆದುರಿಗೇ ಆ ವಸ್ತ್ರವನ್ನು ಹರಿದು ಚೂರುಮಾಡಿದರೂ ಅವನು ಕದಲಲಿಲ್ಲ. ಜಂಗಮನಾಗಿ ಬಂದಿದ್ದ ಶಿವನು ಮೆಚ್ಚಿ ಎಂದೂ ಬರಿದಾಗದ ತವನಿಧಿಯನ್ನು, ಎಂದರೆ ಧಾನ್ಯದ ಅಕ್ಷಯವಾದ ಸಂಗ್ರಹವನ್ನು, ದಯಪಾಲಿಸಿದನು.

ಇಂತಹ ಕಥೆಯನ್ನು ಇತಿಹಾಸಕಾರನು ಏನು ಮಾಡಬೇಕು? ನಡೆದ ಸಂಗತಿಯೆಂದು ಒಪ್ಪಲಾಗದು; ಕಟ್ಟುಕಥೆಯೆಂದು ತಳ್ಳಿಹಾಕುವುದೂ ಸುಲಭದ ದಾರಿಯೇ. ಕಥೆಯ ಘಟನೆಯನ್ನು ಬದಿಗಿಟ್ಟು ಅದರ ಲೋಕವನ್ನು ನೋಡಿದರೆ ನಮಗೆ ಬೇಕಾದುದು ದೊರೆಯುತ್ತದೆ. ಅಲ್ಲಿ ನೇಕಾರನು ತಾನೇ ಬಟ್ಟೆಯನ್ನು ಸಂತೆಗೆ ಹೊತ್ತು ನಡೆಯುತ್ತಾನೆ; ಬೆಲೆಯನ್ನು ಕಟ್ಟುವವನು ಕೊಳ್ಳುವವನು, ನೆಯ್ದವನಲ್ಲ. ಅತ್ಯುತ್ತಮವಾದ ಸರಕೇ ಮಾರಾಟವಾಗದೆ ಉಳಿಯುತ್ತದೆ. ದೇವರು ಒಲಿದಾಗ ಕೊಡುವುದು ಹೊನ್ನಲ್ಲ, ಮಗ್ಗವಲ್ಲ, ಕಾಳು. ಭೂಮಿಯಿಲ್ಲದ ಕಸುಬುದಾರನಿಗೆ, ಅದರಲ್ಲಿಯೂ ಮಳೆಯು ಪದೇ ಪದೇ ಕೈಕೊಡುವ ಸೀಮೆಯಲ್ಲಿ, ಅತಿ ದೊಡ್ಡ ವರವೆಂದರೆ ಬರಿದಾಗದ ಕಣಜವೇ ಸರಿ. ಒಡಲುಗೊಂಡವನು ಹಸಿಯುತ್ತಾನೆ, ಆ ಹಸಿವಿಗಾಗಿ ಸುಳ್ಳನ್ನೂ ಆಡುತ್ತಾನೆ, ನೀನೊಮ್ಮೆ ನನ್ನಂತೆ ಒಡಲುಗೊಂಡು ನೋಡು ಎಂಬ ಅರ್ಥದಲ್ಲಿ ರಾಮನಾಥನಿಗೆ ಸವಾಲು ಹಾಕಿದ ವಚನವೂ ಇವನದೇ. ಪುರಾಣದ ತವನಿಧಿಯೂ ವಚನದ ಹಸಿವೂ ಒಂದೇ ನೆಲದಿಂದ ಹುಟ್ಟಿದ ಮಾತುಗಳು.

ದುಗ್ಗಳೆಯನ್ನು ಕುರಿತ ಜನಪದ ಕಥೆಯೂ ಇದೇ ಬಗೆಯದು. ಮರಳು ಬೆರೆತ ಅಕ್ಕಿಯನ್ನೂ ಕಬ್ಬನ್ನೂ ಕೊಟ್ಟು, ಬೇರೆ ಸೌದೆಯಿಲ್ಲದೆ ಪಾಯಸವನ್ನು ಮಾಡಿಕೊಡುವವಳನ್ನು ವರಿಸುವೆನೆಂದು ದಾಸಿಮಯ್ಯನು ಹೇಳಿದಾಗ, ದುಗ್ಗಳೆಯು ಕಬ್ಬಿನ ರಸವನ್ನು ಹಿಂಡಿ ಅದರ ಸಿಪ್ಪೆಯನ್ನೇ ಒಲೆಗೆ ಹಾಕಿ ಅಡಿಗೆ ಮಾಡಿದಳಂತೆ. ಸೌದೆಗೂ ಬರವಿದ್ದ ಬಯಲುಸೀಮೆಯ ಮನೆವಾರ್ತೆಯೇ ಇಲ್ಲಿ ಕಥೆಯ ರೂಪವನ್ನು ತಾಳಿದೆ. ತವನಿಧಿಯ ಗರ್ವವು ದಾಸಿಮಯ್ಯನ ತಲೆಗೇರಲು ಶಂಕರ ದಾಸಿಮ್ಯಯನು ಅದನ್ನು ಇಳಿಸಿದನೆಂಬ ಮತ್ತೊಂದು ಕಥೆಯಲ್ಲಿ, ಕೊಡುವವನ ಅಹಂಕಾರವನ್ನು ಕುರಿತು ದುಡಿಯುವವರ ಸಮಾಜವು ತಾಳಿದ್ದ ನಿಲುವು ವ್ಯಕ್ತವಾಗುತ್ತದೆ. ನೆರೆಯ ಕೆಂಭಾವಿಯಲ್ಲಿ, ಕೀಳೆಂದೆಣಿಸಿದ ಕುಲದ ಜಂಗಮನನ್ನು ಮನೆಗೆ ಕರೆದುದಕ್ಕಾಗಿ ಊರಿಂದ ಹೊರದೂಡಲ್ಪಟ್ಟ ಭೋಗಣ್ಣನ ಹಿಂದೆ ಊರಿನ ಲಿಂಗಗಳೆಲ್ಲ ಹೊರಟುವೆಂದು ಕಥೆಯಿದೆ. ಒಂದು ಊರಿನಲ್ಲಿ ನೇಕಾರನು ದೇವರಿಗೆ ಸವಾಲು ಹಾಕಿದನು. ಪಕ್ಕದ ಊರಿನಲ್ಲಿ ದೇವರುಗಳೇ ಅಗ್ರಹಾರವನ್ನು ಬಿಟ್ಟು ನಡೆದುವು. ದೇವಾಲಯಗಳು ಗುಂಪುಗುಂಪಾಗಿದ್ದ ಈ ಸೀಮೆಯಲ್ಲಿಯೇ ಸ್ಥಾವರವನ್ನು ಪ್ರಶ್ನಿಸುವ ಮನೋಧರ್ಮವು ಮೊದಲು ತಲೆಯೆತ್ತಿತೆಂಬುದು ವಿಚಾರಾರ್ಹ.

೬. ಮುಂದಿನ ಶತಮಾನಗಳು

ಕಲ್ಯಾಣವು ಕುಸಿದ ಮೇಲೆ ಸೇವುಣರು, ೧೩೪೭ರಿಂದ ಬಹಮನಿ ಸುಲ್ತಾನರು, ಅನಂತರ ವಿಜಾಪುರದ ಆದಿಲಶಾಹಿಗಳು ಈ ಸೀಮೆಯನ್ನು ಆಳಿದರು. ೧೬೮೬ರಲ್ಲಿ ವಿಜಾಪುರವು ಮೊಗಲರ ವಶವಾದ ಮೇಲೆ ವಾಗಣಗೇರಿಯ ಬೇಡ ನಾಯಕರು ಪ್ರಬಲರಾದರು. ೧೭೦೫ರಲ್ಲಿ ವೃದ್ಧನಾದ ಔರಂಗಜೇಬನು ತಾನೇ ಬಂದು ವಾಗಣಗೇರಿಯನ್ನು ಮುತ್ತಿದನು. ಅವನ ಕೊನೆಯ ದೊಡ್ಡ ಮುತ್ತಿಗೆ ಅದು. ನಾಯಕರು ಮುಂದೆ ಸುರಪುರವನ್ನು ರಾಜಧಾನಿಯಾಗಿ ಮಾಡಿಕೊಂಡರು. ೧೮೪೧ರಲ್ಲಿ ಇಲ್ಲಿಗೆ ಬಂದ ಮೆಡೋಸ್ ಟೇಲರನು ೧೮೫೩ರವರೆಗೆ ಇದ್ದು ಆಡಳಿತವನ್ನು ನೋಡಿಕೊಂಡನು. ಅವನ ಆರೈಕೆಯಲ್ಲಿ ಬೆಳೆದ ರಾಜಾ ವೆಂಕಟಪ್ಪನಾಯಕನು ೧೮೫೮ರಲ್ಲಿ ಬ್ರಿಟಿಷರ ವಿರುದ್ಧ ಎದ್ದು, ಸೆರೆಸಿಕ್ಕಿ, ಅದೇ ವರ್ಷ ಮಡಿದನು. ಸಂಸ್ಥಾನವು ೧೮೬೦ರಲ್ಲಿ ನಿಜಾಮನಿಗೆ ಸೇರಿತು. ೧೯೪೮ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದಲ್ಲಿ ವಿಲೀನವಾಯಿತು. ೧೯೫೬ರ ನವೆಂಬರ್ ೧ರಂದು ಗುಲಬರ್ಗಾ ಜಿಲ್ಲೆಯೊಡನೆ ಈ ಊರುಗಳು ಮೈಸೂರು ರಾಜ್ಯಕ್ಕೆ ಬಂದುವು. ೨೦೦೯ರ ಡಿಸೆಂಬರ್ ೩೦ರಂದು ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು.

ಈ ಎಂಟು ಶತಮಾನಗಳಲ್ಲಿ ಅರಸರು ಬದಲಾದಷ್ಟು ಬಾರಿ ಊರಿನ ಬಾಳು ಬದಲಾಗಲಿಲ್ಲ. ಕೊಡೇಕಲ್ಲಿನ ಬಸವಣ್ಣನೂ ತಿಂಥಣಿಯ ಮೌನೇಶ್ವರನೂ ಇದೇ ಸೀಮೆಯಲ್ಲಿ ಹಿಂದೂ ಮುಸಲ್ಮಾನರಿಬ್ಬರ ಭಕ್ತಿಗೂ ಪಾತ್ರರಾದ ಪಂಥಗಳನ್ನು ಬೆಳೆಸಿದರು. ಶರಣರ ಮಾತು ಹೊಸ ರೂಪದಲ್ಲಿ ಮುಂದುವರಿಯಿತು. ನೆಲದ ಬಾಳನ್ನು ನಿಜವಾಗಿ ಬದಲಿಸಿದುದು ೧೯೮೨ರಲ್ಲಿ ಮುಗಿದ ನಾರಾಯಣಪುರದ ಬಸವಸಾಗರ ಅಣೆಕಟ್ಟು. ಅದರ ಎಡದಂಡೆಯ ಕಾಲುವೆಯಿಂದ ಜೋಳದ ಹೊಲಗಳಿದ್ದ ಸೀಮೆಯಲ್ಲಿ ಬತ್ತದ ಗದ್ದೆಗಳು ಕಾಣಿಸಿಕೊಂಡುವು. ಒರತೆಯ ಬಳಿ ಊರು ನಿಲ್ಲುತ್ತಿದ್ದ ಬಹು ಪ್ರಾಚೀನವಾದ ನಿಯಮವು ಅಂದಿಗೆ ಮುರಿಯಿತು.

೭. ಉಪಸಂಹಾರ

ಮೇಲಿನ ವಿಚಾರಗಳಿಂದ ನಾವು ಮೂರು ನಿರ್ಣಯಗಳಿಗೆ ಬರಬಹುದು. ಒಂದು, ಮುದನೂರಿನ ರಾಮನಾಥನು ಹನ್ನೆರಡನೆಯ ಶತಮಾನದ ಪೂರ್ವಾರ್ಧಕ್ಕೆ ಮೊದಲೇ ಅಲ್ಲಿ ನೆಲೆಸಿದ್ದನೆಂಬುದಕ್ಕೆ ವಚನಗಳ ಅಂಕಿತವು ಸಾಕ್ಷಿಯಾಗಿದೆ. ಎರಡು, ಆ ಅಂಕಿತದ ವಚನಗಳನ್ನು ರಚಿಸಿದವನನ್ನು ಜಯಸಿಂಹನ ಕಾಲದ ರಾಜಗುರುವಿನೊಡನೆ ಬೆರೆಸದೆ, ೧೧೪೮ರ ಶಾಸನವು ಸ್ಮರಿಸುವ ಜೇಡರ ದಾಸಿಮಯ್ಯನೆಂದು ಗ್ರಹಿಸುವುದು ಯುಕ್ತ. ಮೂರು, ಶಾಸನವು ದಾನಿಯನ್ನೂ ವಚನವು ದುಡಿಯುವವನನ್ನೂ ಉಳಿಸಿಕೊಂಡಿರುವುದರಿಂದ, ಕರ್ನಾಟಕದ ಗ್ರಾಮೇತಿಹಾಸವನ್ನು ಇವೆರಡನ್ನೂ ಎದುರುಬದುರಾಗಿ ಇಟ್ಟುಕೊಂಡು ಬರೆಯಬೇಕು. ಸಾಹಿತ್ಯವಿಭಾಗದವರು ವಚನಗಳನ್ನೂ ಇತಿಹಾಸವಿಭಾಗದವರು ಶಾಸನಗಳನ್ನೂ ಹಂಚಿಕೊಂಡು ಒಬ್ಬರ ಅಂಗಳಕ್ಕೆ ಇನ್ನೊಬ್ಬರು ಇಳಿಯದಿರುವ ಪದ್ಧತಿಯು ಈ ಕಾರ್ಯಕ್ಕೆ ಸಹಾಯಕವಲ್ಲ.

ಒಂದು ಕಾರ್ಯವು ಮಾತ್ರ ತಡಮಾಡಲಾಗದಂತಹುದು. ೧೯೫೮ರಲ್ಲಿ ಪಿ. ಬಿ. ದೇಸಾಯಿಯವರು ಹೈದರಾಬಾದು ಸಂಸ್ಥಾನದ ಕನ್ನಡ ಜಿಲ್ಲೆಗಳ ಶಾಸನಗಳನ್ನು ಸಂಪಾದಿಸಿ ಪ್ರಕಟಿಸಿದಾಗ ಈ ಭಾಗದ ಇತಿಹಾಸಕ್ಕೆ ಅಡಿಗಲ್ಲು ಬಿದ್ದಿತು. ಆದರೆ ಕಲ್ಲು ಓದುವವರನ್ನು ಕಾದು ಕೂಡುವುದಿಲ್ಲ. ನಮ್ಮ ಸೀಮೆಯ ಹಳೆಯ ಗುಡಿಗಳಲ್ಲಿ ಜೀರ್ಣೋದ್ಧಾರದ ಹೆಸರಿನಿಂದ ಸುಣ್ಣವೂ ಎಣ್ಣೆಬಣ್ಣವೂ ಅಕ್ಷರಗಳ ಮೇಲೆ ಕೂಡುತ್ತಿವೆ. ಬರಹವುಳ್ಳ ಬಂಡೆಗಳು ಕಟ್ಟೆಗಳಿಗೂ ಮೆಟ್ಟಿಲುಗಳಿಗೂ ಸೇರುತ್ತಿವೆ. ಕಾಲುವೆಯ ನೀರಾವರಿಯಿಂದ ಹೊಲಗಳನ್ನು ಸಮಮಾಡಿದೆಡೆ, ಶಾಸನಗಳು ಎಲ್ಲೆಯಾಗಿ ಹೆಸರಿಸಿದ ಹಳ್ಳಗಳೂ ನಟ್ಟ ಕಲ್ಲುಗಳೂ ಮರೆಯಾಗುತ್ತವೆ. ಹೊಲಗಳ ಹೆಸರು, ಬಾವಿಗಳ ಹೆಸರು, ಓಣಿಗಳ ಹೆಸರು, ಜಾತ್ರೆಯಲ್ಲಿ ಯಾವ ಮನೆತನಕ್ಕೆ ಯಾವ ಸೇವೆಯ ಹಕ್ಕಿದೆ ಎಂಬ ವಿವರ, ಇವೆಲ್ಲ ಊರಿನ ಹಿರಿಯರ ನಾಲಗೆಯ ಮೇಲೆ ಇವೆ. ರಜೆಯ ದಿನಗಳಲ್ಲಿ ತಮ್ಮ ತಮ್ಮ ಊರುಗಳಿಗೆ ಹೋಗುವ ವಿದ್ಯಾರ್ಥಿಗಳು ಒಂದೊಂದು ಊರಿನ ಇಂತಹ ಹೆಸರುಗಳನ್ನು ಬರೆದು ತಂದರೂ, ಮುಂದೆ ಶಾಸನದ ಎಲ್ಲೆಯ ಭಾಗವನ್ನು ಬಿಡಿಸಲು ಕುಳಿತ ಸಂಶೋಧಕನಿಗೆ ಅದು ಬೆಲೆಬಾಳುವ ನಿಧಿಯಾಗುವುದು. ಈ ಕೆಲಸಕ್ಕೆ ದೊಡ್ಡ ಪಾಂಡಿತ್ಯವೇನೂ ಬೇಕಾಗಿಲ್ಲ; ಒಂದು ನೋಟುಪುಸ್ತಕವೂ ಕೇಳುವ ತಾಳ್ಮೆಯೂ ಇದ್ದರೆ ಸಾಕು. ಮುದನೂರಿನ ನೇಕಾರನ ಹೆಸರು ಉಳಿದುದು ಅವನ ಮಾತುಗಳನ್ನು ಯಾರೋ ಓಲೆಯ ಮೇಲೆ ಬರೆದಿಟ್ಟುದರಿಂದಲೇ ಎಂಬುದನ್ನು ನೆನೆದರೆ, ಬರೆದಿಡುವ ಕೆಲಸವು ಸಣ್ಣದೆಂದು ಯಾರೂ ಭಾವಿಸಲಾರರು.